ಮುಂಬೈಯಿಂದ ಗೆಳೆಯನಿಗೊಂದು ಪತ್ರ: ಆ ಫೋನ್ ಕೆಲಸ ನಿಲ್ಲಬಾರದು

ಪ್ರೀತಿಯ ಗೆಳೆಯಾ,

ನಮ್ಮ ಕನ್ನಡ ಸಂಘದ ಹಾಲ್ ತೆರೆದಾಯಿತಲ್ಲ, ಕೊರೊನಾ ಕಾಲದಲ್ಲಿ ಮನೆಯಲ್ಲೇ ಉಳಿದ ಹಿರಿಯ ಸದಸ್ಯರಿಗೆ ವಾರವಾರ ಕರೆ ಮಾಡುತ್ತಿದ್ದ ನಮ್ಮ ಫೋನ್ ಕೆಲಸ ಏನಾಯಿತು ಎಂದು ನೀನು ಕೇಳಿದ್ದೆ. ಇನ್ನು ಅದು ಬೇಡ ಎಂಬ ಮಾತು ಕಮಿಟಿಯಲ್ಲಿ ಬಂದಿದೆ. 2022ರ ಯುಗಾದಿಗೆ ಮಹಾರಾಷ್ಟ್ರದಲ್ಲಿ ಕೊರೊನಾ ನಿರ್ಬಂಧಗಳೆಲ್ಲ ಹೋದವು, ಜನ ಬರುತ್ತಿದ್ದಾರೆ, ಮತ್ತೆ ಫೋನ್ ಯಾಕೆ ಎಂಬುದು ಅವರ ಪ್ರಶ್ನೆ. ಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಆಗ ನಮ್ಮ ಜೊತೆ ಫೋನ್ ಹಿಡಿದು ಕೂತ ಉಳಿದವರೂ ಓದಲಿ ಎಂದು ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

2020ರ ಮಾರ್ಚ್ ನಿನಗೆ ನೆನಪಿದೆ. 22ಕ್ಕೆ ಜನತಾ ಕರ್ಫ್ಯೂ, ಅದರ ಬೆನ್ನಿಗೇ ಲೋಕಲ್ ರೈಲು ಬಂದ್. ಲೋಕಲ್ ನಿಂತರೆ ಮುಂಬೈಯ ಕನ್ನಡ ಸಂಘ ನಿಂತ ಹಾಗೆಯೇ ಅಲ್ವಾ? 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇರುವ ಮಾಟುಂಗದ ಸುತ್ತಮುತ್ತಲೇ ನಮ್ಮವರ ಮನೆಗಳಿದ್ದ ಕಾಲ ಒಂದಿತ್ತು. ಈಗ ನಮ್ಮ ಸದಸ್ಯರು ಡೊಂಬಿವಿಲಿ, ಮೀರಾ ರೋಡ್, ನೆರೂಲ್, ವಿರಾರ್ ಅಂತ ಹರಡಿ ಹೋಗಿದ್ದಾರೆ. ಶನಿವಾರ ಸಂಜೆ ಎರಡು ಗಾಡಿ ಬದಲಿಸಿ ಬಂದು, ಲೈಬ್ರರಿಯಲ್ಲಿ ಪುಸ್ತಕ ಬದಲಿಸಿಕೊಂಡು, ಒಂದು ಚಹಾ ಕುಡಿದು, ಊರಿನ ನಾಲ್ಕು ಮಾತಾಡಿ ಹೋಗುವವರಿಗೆ ಇಡೀ ವಾರದಲ್ಲಿ ಕನ್ನಡ ಮಾತಾಡಲು ಸಿಗುತ್ತಿದ್ದುದೇ ಅಷ್ಟು.

ಮನೆಗೆ ಬರುವ ಪೇಪರ್ ಕೂಡ ನಿಂತಿತು. ಜೂನ್‌ವರೆಗೂ ಮನೆಬಾಗಿಲಿಗೆ ಕನ್ನಡ ಪೇಪರ್ ಬರಲಿಲ್ಲ. ಮೊಬೈಲಿನಲ್ಲಿ ಇ-ಪೇಪರ್ ಓದಿ ಎಂದು ಎಂಬತ್ತು ದಾಟಿದವರಿಗೆ ಹೇಗೆ ಹೇಳುವುದು? ಅಕ್ಷರ ದೊಡ್ಡದು ಮಾಡಿದರೆ ಸಾಲು ಆಚೆ ಹೋಗುತ್ತದೆ, ಸಣ್ಣದು ಮಾಡಿದರೆ ಕಾಣುವುದಿಲ್ಲ. ಆಗ ಶುರುವಾದದ್ದು ಫೋನಿನಲ್ಲಿ ಪೇಪರ್ ಓದಿ ಹೇಳುವುದು. ಮೊದಲ ಪುಟದ ಕೊರೊನಾ ಲೆಕ್ಕ ಯಾರಿಗೂ ಬೇಡ. ಉಡುಪಿ, ಕುಂದಾಪುರದ ಸುದ್ದಿ ಬೇಕು, ನಿಧನದ ಸುದ್ದಿ ಬೇಕು. ನಿಧನದ ಸುದ್ದಿ ಓದುವಾಗ ನಮ್ಮ ಹುಡುಗಿಯರ ಗಂಟಲು ಕಟ್ಟುತ್ತಿತ್ತು, ಆದರೂ ಓದುತ್ತಿದ್ದರು, ಯಾಕೆಂದರೆ ಆ ಕಡೆಯವರಿಗೆ ಹೋಗಿ ಮುಖ ನೋಡುವ ದಾರಿ ಇರಲಿಲ್ಲ, ಹೆಸರಾದರೂ ಕಿವಿಗೆ ಬೀಳಬೇಕಿತ್ತು.

ನೀನು ಊರಿಗೆ ಹೋಗಿ ಸಿಕ್ಕಿಬಿದ್ದದ್ದೂ ಒಳ್ಳೆಯದೇ ಆಯಿತು ಮಾರಾಯ. ಫೋನಿಗೆ ಲೋಕಲ್ ಬೇಕಾಗಿಲ್ಲ. ಕುಂದಾಪುರದಿಂದ ನೀನು ಮಾತಾಡಿದರೆ ಹಿಂದೆ ಮಳೆ ಸದ್ದು ಕೇಳುತ್ತದೆ ಎಂದು ಘಾಟ್ಕೋಪರಿನ ಅಜ್ಜಿ ಖುಷಿಪಡುತ್ತಿದ್ದರು.

ಆಗ ನಾವು ಝೂಮಿನಲ್ಲಿ ಮಾಡಿದ ಆನ್‌ಲೈನ್ ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದಕ್ಕೆ ಶಾಲು ಹಾಕಿ ಸನ್ಮಾನವೂ ಆಯಿತು. ಸಲ್ಲಬೇಕಾದದ್ದೇ. ವೇಷ, ರಂಗ ಏನೂ ಬೇಡ, ಮಾತೇ ಎಲ್ಲ, ಹಾಗಾಗಿ ಆ ಹೊತ್ತಿಗೆ ಅದಕ್ಕಿಂತ ಸರಿಯಾದ ಕಲೆ ಇನ್ನೊಂದಿರಲಿಲ್ಲ. ಆದರೆ ಪದ್ಯ ಹಾಡುವ ಭಾಗವತರು ಒಂದು ಮನೆ, ಮದ್ದಳೆ ಇನ್ನೊಂದು ಮನೆ ಎಂದರೆ ತಾಳ ಕೂಡುವುದೇ ಇಲ್ಲ, ಸದ್ದು ಒಂದು ಚೂರು ತಡವಾಗಿ ತಲುಪುತ್ತದೆ. ಅದಕ್ಕೇ ಹಾಡು, ವಾದ್ಯದ ಹಿಮ್ಮೇಳ ಪೂರ್ತಿ ಒಂದೇ ಬಿಲ್ಡಿಂಗಿನಿಂದ, ಅರ್ಥ ಹೇಳುವವರು ಮಾತ್ರ ಬೇರೆ ಬೇರೆ ಕಡೆಯಿಂದ ಎಂದು ಮಾಡಿದೆವು. ಝೂಮ್ ಮದ್ದಳೆಯ ಪೆಟ್ಟನ್ನು ಗಲಾಟೆ ಎಂದುಕೊಂಡು ತಾನೇ ಅಳಿಸಿಹಾಕುತ್ತಿತ್ತು. 'ಒರಿಜಿನಲ್ ಸೌಂಡ್' ಆನ್ ಮಾಡಬೇಕು ಅಂತ ಗೊತ್ತಾಗುವಷ್ಟರಲ್ಲಿ ಭಾಗವತರಿಗೆ ಸಾಕಾಗಿತ್ತು. ಪುಕ್ಕಟೆ ಮೀಟಿಂಗ್ 40 ನಿಮಿಷಕ್ಕೆ ತಾನಾಗಿಯೇ ಮುಗಿಯುತ್ತದೆ. ವಾಲಿ ರಾಮನನ್ನು ಪ್ರಶ್ನಿಸುತ್ತಿರುವಾಗಲೇ ಕಟ್ ಆದರೆ ಏನು ಗತಿ? ಪದ್ಯಗಳನ್ನು ಮೊದಲೇ ಆ ಲೆಕ್ಕಕ್ಕೆ ಹಂಚಿಕೊಳ್ಳುತ್ತಿದ್ದರು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ನಮ್ಮವರು ಸಾದಾ ಕರೆ ಮಾಡಿ, ಫೋನನ್ನು ಲ್ಯಾಪ್‌ಟಾಪ್ ಸ್ಪೀಕರಿನ ಪಕ್ಕ ಇಟ್ಟು ಕೂರುತ್ತಿದ್ದರು. ಇದಕ್ಕೆ ಯಾರೂ ಶಾಲು ಹಾಕಲಿಲ್ಲ. ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತಲ್ಲ. ಲಸಿಕೆಗೆ ಹೆಸರು ನೋಂದಾಯಿಸುವ ಸರ್ಕಾರಿ ವೆಬ್‌ಸೈಟ್ ಕೋವಿನ್‌ನಲ್ಲಿ ಆಗ ಒಂದು ಮೊಬೈಲ್ ನಂಬರಿಗೆ ನಾಲ್ಕು ಹೆಸರು ಸೇರಿಸಬಹುದಿತ್ತು. ನಮ್ಮ ಹುಡುಗರು ತಮ್ಮ ನಂಬರಿನಲ್ಲಿ ಸೇರಿಸಿದರು, ಅದು ತುಂಬಿದ ಮೇಲೆ ಹಿರಿಯರದೇ ನಂಬರ್ ಹಾಕಬೇಕಾಯಿತು. ಆಗ ಓಟಿಪಿ ಅವರ ಫೋನಿಗೆ ಹೋಗುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಹೇಳಿ ಹೇಳಿ ಹೆದರಿಸಿಟ್ಟಿದ್ದಾರೆ. ಆದರೂ ರಾತ್ರಿ ಶಾಲೆಯಲ್ಲಿ ಕಲಿಸುತ್ತಿದ್ದ ನಮ್ಮ ಮಾಸ್ತರರು ನೀನು ಕೇಳಿದ ಕೂಡಲೇ ಆರು ಅಂಕಿಯನ್ನೂ ಹೇಳಿದರಲ್ಲ, ಯಾಕೆ? ಒಂದು ವರ್ಷ ಪ್ರತಿ ವಾರ ಅದೇ ದನಿ ಕೇಳಿದ್ದರು, ಅದಕ್ಕೆ. ಸಂಘದ ಹೆಸರು ಹೇಳಿ ಹೊಸಬರು ಯಾರಾದರೂ ಕೇಳಿದ್ದರೆ ಫೋನ್ ಇಟ್ಟುಬಿಡುತ್ತಿದ್ದರು, ಇಡಲೂಬೇಕು.

ಕಮಿಟಿಗೆ ನಾನು ಹೇಳುವುದು ಇಷ್ಟೇ. ಸಂಘದ ರಿಜಿಸ್ಟರಿನಲ್ಲಿ ಇದ್ದದ್ದು ಹೆಸರು, ವಿಳಾಸ, ವಂತಿಗೆ ರಶೀದಿ. ಯಾರು ಒಬ್ಬರೇ ಇದ್ದಾರೆ, ಯಾರ ಮಗ ದುಬೈಯಲ್ಲಿ, ಯಾರಿಗೆ ಸಂಜೆ ಆರರ ನಂತರ ಕಿವಿ ಕೇಳಿಸದು, ಯಾರಿಗೆ ಔಷಧಿ ತಂದರೆ ಸೊಸೈಟಿಯ ವಾಚ್‌ಮನ್ ಹತ್ತಿರ ಕೊಟ್ಟರೆ ಸಾಕು, ಇದೆಲ್ಲ ನಮ್ಮ ನೋಟ್‌ಬುಕ್ಕುಗಳಲ್ಲಿ ಮಾತ್ರ ಇದೆ. ಅದರಲ್ಲಿರುವವರು ಹೆಚ್ಚಿನವರು ಈಗಲೂ ಹಾಲಿಗೆ ಬರುತ್ತಿಲ್ಲ. ಬಾಗಿಲು ತೆರೆದದ್ದು ನಿಜ, ದಾದರ್ ಸ್ಟೇಷನ್ನಿನ ಸೇತುವೆ ಹತ್ತಲು ಅವರ ಮೊಣಕಾಲು ಕೇಳಬೇಕಲ್ಲ? ಹೋದ ತಿಂಗಳ ಕಾರ್ಯಕ್ರಮಕ್ಕೆ ಹಾಲ್ ತುಂಬಿದ್ದು ನೋಡಿ ಎಲ್ಲರಿಗೂ ಸಂತೋಷವಾಯಿತು, ನನಗೂ. ಆದರೆ ನಮ್ಮ ಪಟ್ಟಿಯಲ್ಲಿದ್ದವರನ್ನು ಹುಡುಕಿದೆ. ಕೈಬೆರಳಲ್ಲಿ ಎಣಿಸುವಷ್ಟೂ ಇರಲಿಲ್ಲ.

ಮೊದಲಿನಷ್ಟು ಬೇಡ. ವಾರಕ್ಕೊಂದು ಕರೆ, ಹದಿನೈದು ದಿನಕ್ಕಾದರೂ ಒಂದು. ಅದೇ ದನಿ, ಅದೇ ಹೊತ್ತು. ಕೆಲಸಕ್ಕೆ ವಾಪಸ್ ಹೋದ ಹುಡುಗರಿಗೆ ಸಮಯ ಇಲ್ಲ, ಗೊತ್ತು. ಅವರ ಬದಲಿಗೆ ಬರುವವರನ್ನು ಮೊದಲ ನಾಲ್ಕು ಸಲ ಜೊತೆಯಲ್ಲೇ ಕೂರಿಸಿ ಪರಿಚಯ ಮಾಡಿಸೋಣ. ಲೈಬ್ರರಿಯ ಪುಸ್ತಕವನ್ನು ಆ ಕಡೆ ಹೋಗುವ ಯಾರಾದರೂ ತಲುಪಿಸಬಹುದು, ಹಾಲಿನಲ್ಲಿ ಹೆಸರು ಕೇಳಿ ನೋಡಿದೆ, ಕೆಲವರು ಮುಂದೆ ಬಂದಿದ್ದಾರೆ.

ಬರುವ ಭಾನುವಾರ ಸಭೆ. ನಿನ್ನ ನೋಟ್‌ಬುಕ್ಕಿನ ಹಾಳೆಗಳ ಫೋಟೋ ಅದಕ್ಕೆ ಮೊದಲು ಕಳಿಸು. ಗ್ರೂಪಿಗೆ ಹಾಕಬೇಡ, ಅವರ ಮನೆಯ ವಿಷಯ ಅದರಲ್ಲಿದೆ, ನನಗೊಬ್ಬನಿಗೇ ಕಳಿಸು. ಸಭೆಯಲ್ಲಿ ಹೆಸರು ಮುಚ್ಚಿ ಒಂದೆರಡು ಪುಟ ಓದಿ ಹೇಳುತ್ತೇನೆ. ನೀನೂ ಅಲ್ಲಿಂದಲೇ ಫೋನಿನಲ್ಲಿ ಇದ್ದು ಮಾತಾಡಿದರೆ ಇನ್ನೂ ಒಳ್ಳೆಯದು, ಬೆಳಿಗ್ಗೆ ಹನ್ನೊಂದಕ್ಕೆ.

ನಿನ್ನವನೇ