ಕ್ಯಾನ್‌ಬೆರಾ ಹತ್ತು ವರ್ಷದಲ್ಲಿ ಎದ್ದ ಊರಲ್ಲ

ಮಾನ್ಯರೇ,

ಹೊಸ ರಾಜಧಾನಿಗಳ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಕ್ಷೆ ಹಾಕಿದ ಹತ್ತು-ಹದಿನೈದು ವರ್ಷದಲ್ಲೇ ಸಿದ್ಧವಾಯಿತು ಎಂದಿದ್ದೀರಿ. ಮಗಳ ಮನೆಯಲ್ಲಿ ನಾಲ್ಕು ತಿಂಗಳಿದ್ದು ಆ ಊರು ಸುತ್ತಿ ಬಂದವನು ನಾನು, ಸುಮ್ಮನಿರಲಾಗಲಿಲ್ಲ.

ರಾಜಧಾನಿ ತಮಗೇ ಬೇಕೆಂದು ಸಿಡ್ನಿ, ಮೆಲ್ಬರ್ನ್‌ ಎರಡೂ ಹಟ ಹಿಡಿದಿದ್ದವು. ಅದು ನ್ಯೂ ಸೌತ್ ವೇಲ್ಸ್‌ನಲ್ಲೇ ಇರಲಿ, ಆದರೆ ಸಿಡ್ನಿಯಿಂದ ನೂರು ಮೈಲಿಯಾದರೂ ಆಚೆಗಿರಲಿ ಎಂದು 1901ರಲ್ಲಿ ಜಾರಿಯಾದ ಸಂವಿಧಾನದಲ್ಲೇ ಬರೆದರು. ಇಬ್ಬರ ಜಗಳದಲ್ಲಿ ಲಾಭವಾದದ್ದು ಕುರಿ ಮೇಯುತ್ತಿದ್ದ ಬಯಲಿಗೆ. (ಅಲ್ಲಿನ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ ಬಿಡಿ.) 1912ರಲ್ಲಿ ವಿನ್ಯಾಸದ ಸ್ಪರ್ಧೆ ಗೆದ್ದವರು ಷಿಕಾಗೊದ ವಾಲ್ಟರ್ ಬರ್ಲಿ ಗ್ರಿಫಿನ್‌. ಆ ಸೊಗಸಾದ ಚಿತ್ರಗಳನ್ನು ಬರೆದವರು ಅವರ ಹೆಂಡತಿ ಮೇರಿಯನ್ ಮಹೊನಿ, ಸ್ವತಃ ವಾಸ್ತುಶಿಲ್ಪಿ. ಲೇಖನದಲ್ಲಿ ಆಕೆಯ ಹೆಸರೇ ಇಲ್ಲ.

ಗೆದ್ದ ನಕ್ಷೆಯನ್ನು ಪಕ್ಕಕ್ಕಿಟ್ಟು ಅಧಿಕಾರಿಗಳು ತಾವೇ ಒಂದನ್ನು ಬರೆದರು. ಸರ್ಕಾರ ಬದಲಾದ ಮೇಲೆ ಗ್ರಿಫಿನ್‌ಗೆ ಕರೆ ಹೋಯಿತು. ಬಂದು, ಅದೇ ಅಧಿಕಾರಿಗಳ ಜೊತೆ ಗುದ್ದಾಡಿ, 1920ರಲ್ಲಿ ಕೈಬಿಟ್ಟು ಹೊರಟರು. 1927ರಲ್ಲಿ ಸಂಸತ್ತು ಮೆಲ್ಬರ್ನ್‌ನಿಂದ ಇಲ್ಲಿಗೆ ಬಂದದ್ದೇನೋ ನಿಜ, ಅದೂ ತಾತ್ಕಾಲಿಕ ಕಟ್ಟಡಕ್ಕೆ. ಆ 'ತಾತ್ಕಾಲಿಕ' 1988ರವರೆಗೆ ನಡೆಯಿತು!

ನಕ್ಷೆಯ ಜೀವಾಳವೇ ನಡುವಿನ ಸರೋವರ. ನಮ್ಮ ಲೆಕ್ಕದಲ್ಲಿ ಕೆರೆಯೇ: ಮೊಲೊಂಗ್ಲೊ ಹೊಳೆಗೆ ಅಡ್ಡಕಟ್ಟೆ ಹಾಕಿ ನಿಲ್ಲಿಸಿದ ನೀರು. ಅದು ತುಂಬಿದ್ದು 1964ರಲ್ಲಿ. ಅಲ್ಲಿಯವರೆಗೆ ಕೆರೆಯಂಗಳದಲ್ಲಿ ಕುದುರೆ ರೇಸು, ಗಾಲ್ಫ್ ನಡೆಯುತ್ತಿತ್ತು. ನಡುವೆ ಎರಡು ಮಹಾಯುದ್ಧ, ಆರ್ಥಿಕ ಕುಸಿತ; ಕೊನೆಗೆ ಪ್ರಧಾನಿ ಮೆಂಝೀಸ್ ಬೆನ್ನುಹತ್ತಿದ್ದರಿಂದ ಕೆಲಸ ಮುಗಿಯಿತು. ಕಟ್ಟೆಗೆ ಇಟ್ಟಿರುವುದು ಊರಿನ ಜಾಗ ಅಳೆದುಕೊಟ್ಟ ಸರ್ವೆಯರ್ ಚಾರ್ಲ್ಸ್ ಸ್ಕ್ರಿವ್‌ನರ್ ಹೆಸರು. ಮೂವತ್ತು ವರ್ಷ ಸರಪಳಿ ಎಳೆಸಿದ ನನಗೆ ಇದನ್ನು ಕಂಡು ಆದ ಖುಷಿ ಅಷ್ಟಿಷ್ಟಲ್ಲ.

ಮೌಂಟ್ ಐನ್ಸ್‌ಲಿ ಗುಡ್ಡ ಹತ್ತಿ ನಿಂತರೆ ನಕ್ಷೆ ಈಗಲೂ ಕಣ್ಣಿಗೆ ಕಾಣುತ್ತದೆ. ಕೆಂಪು ಜಲ್ಲಿ ಹಾಸಿದ ನೇರ ಬೀದಿ, ನೀರು, ಹಳೆಯ ಬಿಳಿ ಸಂಸತ್ತು, ಅದರ ಹಿಂದೆ ಹೊಸದರ ಧ್ವಜಸ್ತಂಭ, ಎಲ್ಲ ದಾರ ಹಿಡಿದಂತೆ ಒಂದೇ ಸಾಲು.

ಸರೋವರಕ್ಕೆ ಗ್ರಿಫಿನ್ ಹೆಸರಿದೆ, ನೀರು ತುಂಬಿದ್ದನ್ನು ಅವರು ನೋಡಲಿಲ್ಲ. ಲಖನೌ ವಿಶ್ವವಿದ್ಯಾಲಯದ ಗ್ರಂಥಾಲಯದ ವಿನ್ಯಾಸಕ್ಕೆಂದು 1935ರಲ್ಲಿ ಭಾರತಕ್ಕೆ ಬಂದವರು 1937ರಲ್ಲಿ ಅಲ್ಲೇ ತೀರಿಕೊಂಡರು. ಸಮಾಧಿಯೂ ಅದೇ ಊರಿನಲ್ಲಿದೆ. ಮುಂದಿನ ಪುರವಣಿಯಲ್ಲಿ ಇದಕ್ಕೊಂದು ಮೂಲೆ ಕೊಡಿ.

— ನಿವೃತ್ತ ಸರ್ವೆಯರ್, ಹಾಸನ