ಮೀನಿನ ವಾಸನೆಯ ನೆಂಟರು

ಪ್ರಿಯ ಗೆಳೆಯಾ,

ಹಂಗೇರಿಯನ್ ಕಲಿಕೆ ಎಲ್ಲಿಗೆ ಬಂತೆಂದು ಕೇಳಿದ್ದೆಯಲ್ಲ. ನಿನ್ನ ಹೆಗಲ ಮೇಲಿಂದ ಈ ಪತ್ರವನ್ನು ಇಣುಕಿ ನೋಡುತ್ತಿರುವವರಿಗೂ ಸೇರಿಸಿಯೇ ವರದಿ ಒಪ್ಪಿಸುತ್ತಿದ್ದೇನೆ. ಇಲ್ಲಿ ಬುಡಾಪೆಸ್ಟಿನಲ್ಲಿ ಮನೆಗೆ 'ಹಾಜ್' ಎನ್ನುತ್ತಾರೆ, ಮೂರು ಮನೆಗೆ 'ಹಾರೋಮ್ ಹಾಜ್'. ಸಂಖ್ಯೆ ಬಂದ ಮೇಲೆ ಬಹುವಚನ ಬೇಕಿಲ್ಲ, ನಾವು 'ಮೂರು ಮನೆ' ಎಂದಂತೆಯೇ. ಇಷ್ಟಕ್ಕೇ ನಾನು ನೆಂಟಸ್ತಿಕೆ ಬೆಳೆಸಲು ಹೊರಟಿದ್ದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಪಾದ್ರಿ ಕಾಲ್ಡ್‌ವೆಲ್ ಕೂಡ ನಮ್ಮ ಭಾಷೆಗಳನ್ನು ಹಂಗೇರಿಯನ್, ಫಿನ್ನಿಶ್‌ಗಳಿರುವ ಈ ಬಳಗದೊಡನೆ ಗಂಟು ಹಾಕಲು ನೋಡಿದ್ದರು. ಆದರೆ ಪ್ರತ್ಯಯ ಪೋಣಿಸುವ ರೀತಿ ಹೋಲಿದ ಮಾತ್ರಕ್ಕೆ ರಕ್ತಸಂಬಂಧವಾಗುವುದಿಲ್ಲ.

ನಿಜವಾದ ಹತ್ತಿರದ ನೆಂಟರು ಪಶ್ಚಿಮ ಸೈಬೀರಿಯಾದ ಓಬ್ ನದಿಯ ಕಡೆಯ ಖಾಂತಿ ಮತ್ತು ಮಾನ್ಸಿ ಜನರು, ದೂರದವರು ಫಿನ್ನಿಶ್, ಎಸ್ಟೋನಿಯನ್, ಸಾಮಿ ಭಾಷೆಗಳವರು. ಫಿನ್ನಿಶ್‌ನ 'ಕಲ' ಇಲ್ಲಿ 'ಹಲ್' ಆಗಿದೆ, ಅರ್ಥ ಮೀನು. ಹಳಗನ್ನಡದ 'ಪಾಲ್' ನಮ್ಮ ಬಾಯಲ್ಲಿ 'ಹಾಲು' ಆದದ್ದು ನೆನಪಾಗುತ್ತದೆ, ಅಲ್ಲವೇ? ಆದರೆ 'ಕೈ'ಗೆ ಇಲ್ಲಿ 'ಕೇಜ್', ಫಿನ್ನಿಶ್‌ನಲ್ಲಿ 'ಕ್ಯಾಸಿ'. ಮುಂದಿನ ಸ್ವರ ಬೇರೆಯಾದದ್ದರಿಂದ ಕಕಾರ ಉಳಿದುಕೊಂಡಿದೆ. ನಂಟನ್ನು ಸಾಬೀತುಪಡಿಸುವುದು ಇಂಥ ನಿಯಮಬದ್ಧ ಬದಲಾವಣೆಯೇ ಹೊರತು ಕಿವಿಗೆ ಬಿದ್ದ ಹೋಲಿಕೆಯಲ್ಲ.

1769ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಲೆಂದು ನಾರ್ವೆಯ ತುದಿಯ ವಾರ್ಡೋ ದ್ವೀಪಕ್ಕೆ ಹೋದ ಯಾನೊಶ್ ಶಾಯ್ನೊವಿಚ್ ಎಂಬ ಜೆಸ್ಯೂಟ್ ಪಾದ್ರಿ, ಅಲ್ಲಿನ ಸಾಮಿ ಜನರ ಮಾತನ್ನು ಕೇಳಿ ಬಂದು, ಅದೂ ಹಂಗೇರಿಯನ್ನೂ ಒಂದೇ ಎಂದು ಮರುವರ್ಷ ಪುಸ್ತಕವನ್ನೇ ಬರೆದ. ಒಂದೇ ಎಂದದ್ದು ಅತಿಯಾಯಿತು, ಆದರೆ ನಂಟು ಸುಳ್ಳಲ್ಲ. ಯೂರೋಪನ್ನು ನಡುಗಿಸಿದ ಅಟ್ಟಿಲನ ಹೂಣರ ವಂಶದವರೆಂದು ಬೀಗುತ್ತಿದ್ದ ಹಂಗೇರಿಯನ್ನರಿಗೆ ಇದು ಅವಮಾನವೆನಿಸಿತು. ಬೆಸ್ತರೂ ಹಿಮಸಾರಂಗ ಕಾಯುವವರೂ ನಮ್ಮ ಬಳಗವೇ ಎಂದು ಮೂಗು ಮುರಿದು, ಆ ನೆಂಟಸ್ತಿಕೆಗೆ 'ಹಲ್‌ಸಗೂ', ಎಂದರೆ ಮೀನಿನ ವಾಸನೆಯದು, ಎಂದು ಹೆಸರಿಟ್ಟರು.

ಆ ಪದವನ್ನು ಓದಿದಾಗ ನನಗೆ 'ಹಲಸು' ಎಂದೇ ಕೇಳಿಸಿತು, ಮಾರಾಯ. ನನ್ನ ಬೆಂಗಳೂರಿನ ಮನೆಯ ಗೃಹಪ್ರವೇಶಕ್ಕೆ ಚಿಕ್ಕಪ್ಪ ರಾತ್ರಿ ಬಸ್ಸಿನಲ್ಲಿ ಹಲಸಿನ ಹಣ್ಣು ಹೊತ್ತು ತಂದದ್ದು ನಿನಗೆ ಗೊತ್ತು. ಲಿಫ್ಟಿನ ತುಂಬ ಅದರದೇ ವಾಸನೆಯಿತ್ತು. ನಿನಗೆ ಗೊತ್ತಿಲ್ಲದ್ದೆಂದರೆ, ನನ್ನ ಆಫೀಸಿನವರು ಅವರು ಯಾರೆಂದು ಕೇಳಿದಾಗ ನಾನು 'ನಮ್ಮೂರ ಕಡೆಯವರು' ಎಂದು ಹೇಳಿಬಿಟ್ಟೆ. ಅವರು ಅಲ್ಲೇ, ಎಣ್ಣೆ ಹಚ್ಚಿದ ಕೈಯಲ್ಲಿ ತೊಳೆ ಬಿಡಿಸುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ಇಂದಿಗೂ ಕೇಳಿಲ್ಲ.

ಇರಲಿ, ಭಾಷಾವಿಜ್ಞಾನ ಬರೆಯಲು ಕುಳಿತವನು ಎಲ್ಲಿಗೋ ಹೋದೆ. ನಾಳೆ ಕ್ಲಾಸಿನಲ್ಲಿ ಬಂಧುವಾಚಕಗಳ ಪರೀಕ್ಷೆಯಿದೆ; ಚಿಕ್ಕಪ್ಪನಿಗೂ ಮಾವನಿಗೂ ಇವರು 'ನಜ್‌ಬಾಚಿ' ಎಂಬ ಒಂದೇ ಪದದಲ್ಲಿ ಕೆಲಸ ಮುಗಿಸುತ್ತಾರೆ, ಸೋಮಾರಿಗೆ ಅನುಕೂಲ. ಫೇಲಾದರೆ ಆ ಹಲಸಿನ ತೊಳೆಯೇ ಕಾರಣವೆಂದು ಬರೆಯುತ್ತೇನೆ.

ನಿನ್ನ,
ಹಾರೋಮ್ ಹಾಜಿನ ಯಜಮಾನ (ಎರಡು ಇನ್ನೂ ಕಟ್ಟಬೇಕಿದೆ)