ಕಟ್ಟಡದ ಇಂಟರ್ನೆಟ್ ವೈರಿಂಗ್: ಭಾನುವಾರದ ಸಭೆಗೆ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 11ಕ್ಕೆ ಟೆರೇಸಿನಲ್ಲಿ ಸೇರೋಣ. ಈಗಿನ ತಾಮ್ರದ ಕೇಬಲ್ ಬದಲು ಫೈಬರ್ (ಬೆಳಕಿನ ಮೂಲಕ ಇಂಟರ್ನೆಟ್ ತರುವ ಗಾಜಿನ ಎಳೆ) ಎಳೆಸುವ ಬಗ್ಗೆ ತೀರ್ಮಾನ ಆಗಬೇಕು.

ಈಗ ಪ್ರತಿ ಮಹಡಿಯಲ್ಲೂ ಒಂದು ನೆಟ್‌ವರ್ಕ್ ಸ್ವಿಚ್ (ಮನೆಗಳಿಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆ) ಹಗಲೂ ರಾತ್ರಿ ಓಡುತ್ತಿದೆ. 20 ವ್ಯಾಟ್‌ನದು ಒಂದಿದ್ದರೂ ವರ್ಷಕ್ಕೆ ಸುಮಾರು 175 ಯೂನಿಟ್ ಕರೆಂಟ್ ಬೇಕು. ಫೈಬರ್‌ನಲ್ಲಿ ಕೆಳಗೆ ಒಂದು ಸ್ಪ್ಲಿಟರ್ ಸಾಕು. ಒಂದೇ ಎಳೆಯ ಬೆಳಕನ್ನು ಅದು 32 ಮನೆಗಳವರೆಗೆ ಹಂಚುತ್ತದೆ, ಅದಕ್ಕೆ ಕರೆಂಟೇ ಬೇಡ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಸಿಡಿಲಿನ ವಿಷಯ. ಹಾಸನದ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಗೊತ್ತಲ್ವಾ? ತಾಮ್ರದ ಕೇಬಲ್ ಹಿಡಿದು ಆ ಹೊಡೆತ ಒಳಗೆ ಬರುತ್ತದೆ, ಸ್ವಿಚ್ಚು, ರೂಟರು ಸುಟ್ಟು ಕಸವಾಗುತ್ತವೆ. ಫೈಬರ್‌ನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಮನೆಗೆ ಹಾಕಿಸುವಾಗ ಮೋಡೆಮ್ಮು, ವೈಫೈ ಎರಡೂ ಒಂದರಲ್ಲೇ ಇರುವುದನ್ನು ಕೇಳಿ. ಎರಡು ಪೆಟ್ಟಿಗೆ ಸುಮ್ನೆ ದಂಡ. ಮನೆಯೊಳಗಿನ ತಾಮ್ರದ ವೈರ್ ಚೆನ್ನಾಗಿದ್ದರೆ ಕೀಳಿಸಬೇಡಿ, ಹಾಗೇ ಬಳಸಬಹುದು.

ದಯವಿಟ್ಟು ಹಳೇ ಕೇಬಲ್ ಗುಜರಿಗೆ ಹಾಕಬೇಡಿ. ತಾಮ್ರಕ್ಕಾಗಿ ಅದನ್ನು ಸುಟ್ಟರೆ ಪಿವಿಸಿಯಿಂದ ವಿಷದ ಹೊಗೆ ಬರುತ್ತದೆ. ಎಲ್ಲಾ ಒಟ್ಟು ಮಾಡಿ ನೋಂದಣಿ ಇರುವ ಇ-ತ್ಯಾಜ್ಯದವರಿಗೇ ಕೊಡೋಣ. ಮೀಟರ್ ಕೋಣೆಯಲ್ಲಿ ಚೀಲ ಇಟ್ಟಿದ್ದೇವೆ.

ಸಭೆಗೆ ಬರಲು ಆಗದವರು ಶನಿವಾರದೊಳಗೆ ನಿಮ್ಮ ಅಭಿಪ್ರಾಯ ಇಲ್ಲೇ ಬರೆಯಿರಿ.